ಶನಿವಾರದ ಗೋಳಿಬಜೆ

ಕಾಸರಗೋಡು ಸೀಮೆಯಲ್ಲಿ ಸಂಜೆ ನಾಲ್ಕು ಗಂಟೆಯಾದರೆ ಹೋಟೆಲುಗಳ ಗಾಜಿನ ಕಪಾಟು ತುಂಬುತ್ತದೆ. ಗೋಳಿಬಜೆ, ನೀರುಳ್ಳಿ ಬಜೆ, ಬಾಳೆಕಾಯಿ ಪೋಡಿ, ಪಕ್ಕದಲ್ಲೇ ಮಲಯಾಳದ ಪಳಂಪೊರಿ. ನಾವು ಮನೆಯಲ್ಲಿ ಕೊಂಕಣಿ ಮಾತಾಡಿ, ಕನ್ನಡದಲ್ಲಿ ಓದಿ ಬರೆದು, ಪೇಟೆಯಲ್ಲಿ ತುಳು ಮತ್ತು ಮಲಯಾಳದಲ್ಲಿ ವ್ಯವಹರಿಸುವವರು. ಆ ಕಪಾಟಿನ ಮುಂದೆ ಮಾತ್ರ ಯಾವ ಭಾಷೆಯೂ ಬೇಡ, ಬೆರಳು ತೋರಿಸಿದರೆ ಸಾಕು. ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ನಮ್ಮ ಅಪ್ಪ ಸುಮಾರು ನಲವತ್ತು ವರ್ಷ ದಿನಾ ಸಂಜೆ ಪೇಟೆಗೆ ಹೋಗಿ, ಒಂದು ಪ್ಲೇಟು ಗೋಳಿಬಜೆ ತಿಂದು, ಚಾ ಕುಡಿದು ಬರುತ್ತಿದ್ದರು. ತೇರ್ಸಿನ ಹೊತ್ತಿಗೆ ಸರಿಯಾಗಿ ಮನೆಯಲ್ಲಿರುತ್ತಿದ್ದುದರಿಂದ ಅಮ್ಮನಿಗೆ ದೂರಲು ಕಾರಣ ಸಿಗುತ್ತಿರಲಿಲ್ಲ. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿದ ಮೇಲೆ ವೈದ್ಯರು ಹೋಟೆಲಿನ ಕರಿದ ತಿಂಡಿ ಕೂಡದೆಂದರು. ಅಪ್ಪ ಹದಿನೈದು ದಿನ ಕೇಳಿದರು. ಹದಿನಾರನೆಯ ದಿನ ಸಂಜೆಯ ನಡಿಗೆ ಪುನಃ ಪೇಟೆಯ ಕಡೆಗೇ ತಿರುಗಿತು. ಬಟ್ಟೆ ಒಗೆಯುವಾಗ ಅಂಗಿಯ ಕಿಸೆಯಲ್ಲಿ ಎಣ್ಣೆಯ ಕಲೆ ಸಿಕ್ಕಿತು.

ಕೇಳಿದಾಗ ಅವರು ಮುಚ್ಚಿಡಲಿಲ್ಲ. "ನನಗೆ ಎಪ್ಪತ್ತೊಂಬತ್ತು ಆಯಿತು. ಬಜೆ ಬಿಟ್ಟು ಇನ್ನೆಷ್ಟು ವರ್ಷ ಗಳಿಸಬೇಕು, ನೀವೇ ಹೇಳಿ ಮಕ್ಕಳೇ" ಎಂದರು. ಹೇಳುವುದು ಸುಲಭವಲ್ಲ. ನಮ್ಮನ್ನು ಸಾಕಿ ಸಲಹಿದವರನ್ನು ಈಗ ನಾವು ಕಾವಲು ಕಾಯುವುದು ಸರಿ ಕಾಣಲಿಲ್ಲ. ಕಂಡೂ ಕಾಣದಂತಿರುವುದೂ ಸರಿ ಕಾಣಲಿಲ್ಲ. ಕೊನೆಗೆ ವೈದ್ಯರಲ್ಲಿ ಕೇಳಿ, ಮನೆಯವರೆಲ್ಲ ಕೂತು ಒಂದು ಒಪ್ಪಂದಕ್ಕೆ ಬಂದೆವು. ವಾರಕ್ಕೊಮ್ಮೆ, ಶನಿವಾರ ಸಂಜೆ, ಮನೆಯಲ್ಲೇ, ಹೊಸ ಎಣ್ಣೆಯಲ್ಲಿ. ಅಪ್ಪನಿಗೆ ನಾಲ್ಕು, ಐದಿಲ್ಲ. ಪೇಟೆಯ ಕಪಾಟಿನ ಮುಂದೆ ನಿಲ್ಲುವುದಿಲ್ಲವೆಂದು ಅವರೂ ಮಾತು ಕೊಟ್ಟರು.

ಹಾಗೆ ಗೋಳಿಬಜೆ ನಮ್ಮ ಅಡುಗೆಮನೆಗೆ ಬಂತು. ಕರಿಯುವ ಕೆಲಸ ನಮಗೆ ಹೊಸದಲ್ಲ. ಕ್ರಿಸ್ಮಸ್ಸಿನ ಕುಸ್ವಾರಿಗೆ ಚಕ್ಕುಲಿ, ಕಿಡಿಯೊ, ನೆವ್ರಿ ಎಂದು ಡಿಸೆಂಬರಿನಲ್ಲಿ ಎರಡು ಮೂರು ದಿನ ಒಲೆಯ ಮುಂದೆಯೇ ಇರುತ್ತೇವೆ. ಆದರೆ ಅವು ಡಬ್ಬದಲ್ಲಿ ಉಳಿಯುವ ತಿಂಡಿಗಳು. ಬಜೆಯ ಗರಿಗರಿ ಹತ್ತು ಹದಿನೈದು ನಿಮಿಷದ್ದು, ಅದನ್ನು ತರಿಸುವ ಕ್ರಮವೂ ಬೇರೆ.

ಎರಡು ಲೋಟ ಮೈದಾಕ್ಕೆ ಒಂದು ಲೋಟ ಹುಳಿ ಮೊಸರು, ಎರಡು ಚಮಚ ಅಕ್ಕಿ ಹಿಟ್ಟು, ಸಣ್ಣಗೆ ಹೆಚ್ಚಿದ ಹಸಿಮೆಣಸು, ಶುಂಠಿ, ಕರಿಬೇವು, ತೆಂಗಿನಕಾಯಿಯ ಚೂರು, ಚಿಟಿಕೆ ಸಕ್ಕರೆ, ಉಪ್ಪು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಕೈಯಿಂದ ಬಿಟ್ಟರೆ ಜಾರಿ ಬೀಳಬೇಕು. ಕಾಲು ಚಮಚ ಅಡುಗೆ ಸೋಡಾವನ್ನು ನಾವು ಕರಿಯುವ ಮುಂಚೆಯೇ ಹಾಕುತ್ತೇವೆ, ಮೊಸರಿನ ಹುಳಿ ತಾಗಿ ಏಳುವ ಗಾಳಿ ಬಾಣಲೆಗೆ ಬೀಳುವವರೆಗೂ ಹಿಟ್ಟಿನಲ್ಲೇ ಇರಲಿ ಎಂದು. ಬರೀ ಮೈದಾ ಜಿಗುಟು. ಅಕ್ಕಿ ಹಿಟ್ಟಿಗೆ ಆ ಜಿಗುಟಿಲ್ಲ, ಅದರಿಂದಲೇ ಹೊರಗಿನ ಸಿಪ್ಪೆ ಗರಿಯಾಗುತ್ತದೆ. ನೀರುಳ್ಳಿ ಬಜೆಗೂ ಒಂದು ಲೋಟ ಕಡಲೆ ಹಿಟ್ಟಿಗೆ ಎರಡು ಚಮಚ ಅಕ್ಕಿ ಹಿಟ್ಟು ಬೇಕು. ಅದಕ್ಕೆ ನೀರು ಹಾಕುವುದೇ ಬೇಡ. ಉದ್ದುದ್ದ ಹೆಚ್ಚಿದ ನೀರುಳ್ಳಿಗೆ ಉಪ್ಪು ಹಾಕಿ ಹಿಚುಕಿ ಹದಿನೈದು ನಿಮಿಷ ಬಿಟ್ಟರೆ ಅದೇ ಬೇಕಾದಷ್ಟು ನೀರು ಬಿಡುತ್ತದೆ.

ಇನ್ನುಳಿದದ್ದೆಲ್ಲ ಎಣ್ಣೆಯ ಕಾವು. ಗರಿಗರಿಯಾಗುವುದೆಂದರೆ ಹಿಟ್ಟಿನ ಮೇಲ್ಭಾಗದ ನೀರು ಆವಿಯಾಗಿ ಹೊರಗೆ ಹೋಗುವುದು, ಅಷ್ಟೇ. ನಾವು ನೋಡುವ ಗುಳ್ಳೆ ಆ ಆವಿಯದ್ದೇ. ಎಣ್ಣೆ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ನಮ್ಮಲ್ಲಿ ಮಾಪಕವಿಲ್ಲ, ಒಂದು ಹನಿ ಹಿಟ್ಟು ಬಿಟ್ಟು ನೋಡುತ್ತೇವೆ. ಅದು ತಳಕ್ಕೆ ಹೋಗಿ ತಕ್ಷಣ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು, ಬಿದ್ದೊಡನೆ ಕೆಂಪಾದರೆ ಉರಿ ತಗ್ಗಿಸಬೇಕು. ಒಮ್ಮೆಗೆ ಆರೇಳಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣಿದು ಬಜೆ ಎಣ್ಣೆ ಕುಡಿಯುತ್ತದೆ. ಬಹಳ ಮಂದಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಎಣ್ಣೆಯ ಬಹುಪಾಲು ಬಜೆಯೊಳಗೆ ಹೋಗುವುದು ಬಾಣಲೆಯಲ್ಲಿರುವಾಗಲ್ಲ, ತೆಗೆದ ಮೇಲೆ ತಣಿಯುವಾಗ. ಆದ್ದರಿಂದ ಕಣ್ಣು ಸಟ್ಟುಗದಲ್ಲಿ ತೆಗೆದ ಕೂಡಲೇ ಚೆನ್ನಾಗಿ ಕೊಡವಿ, ತೂತಿನ ಪಾತ್ರೆಯಲ್ಲಿ ಬಿಡಿಬಿಡಿಯಾಗಿ ಹರಡುತ್ತೇವೆ. ಮುಚ್ಚಿಟ್ಟರೆ ಅದರದ್ದೇ ಆವಿಯಲ್ಲಿ ಮೆತ್ತಗಾಗುತ್ತದೆ. ಹಳೆಯ ಪೇಪರಿನ ಮೇಲಂತೂ ಹಾಕುವುದಿಲ್ಲ. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ.

ಮನೆಯಲ್ಲಿ ಮಾಡಿದ್ದು ಆರೋಗ್ಯಕ್ಕೆ ಒಳ್ಳೆಯದೆಂದು ಕೆಲವರು ಹೇಳುವುದುಂಟು. ನಾವು ಹಾಗೆ ಹೇಳುವುದಿಲ್ಲ. ಎಣ್ಣೆ ಎಣ್ಣೆಯೇ, ಮೈದಾ ಮೈದಾವೇ. ಆದರೆ ಎಷ್ಟು ಸಲ ಕಾಯಿಸಿದ ಎಣ್ಣೆ ಎಂಬುದು ನಮಗೆ ಗೊತ್ತಿರುತ್ತದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ವಸ್ತುಗಳು ಹೆಚ್ಚುತ್ತಾ ಹೋಗುತ್ತವೆ. 'ಒಟ್ಟು ಪೋಲಾರ್ ಸಂಯುಕ್ತ'ಗಳು ಶೇಕಡಾ 25ನ್ನು ದಾಟಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರ ಜುಲೈಯಿಂದ ಇದೆ. ಅಪ್ಪ ಹೋಗುತ್ತಿದ್ದ ಹೋಟೆಲಿನ ಬಾಣಲೆಯ ಬಣ್ಣ ನೋಡಿದರೆ ನಿಯಮ ಅಲ್ಲಿಯವರೆಗೆ ತಲುಪಿದಂತೆ ಕಾಣುವುದಿಲ್ಲ. ನಾವು ಸಣ್ಣ, ಆಳದ ಬಾಣಲೆಯಲ್ಲಿ ಕಾಲು ಲೀಟರು ತೆಂಗಿನೆಣ್ಣೆ ಇಡುತ್ತೇವೆ. ಉಳಿದದ್ದನ್ನು ಸೋಸಿ, ಎರಡು ಮೂರು ದಿನದೊಳಗೆ ಒಗ್ಗರಣೆಗೆ ಮುಗಿಸುತ್ತೇವೆ. ಪುನಃ ಕರಿಯಲು ಇಲ್ಲ.

ಶನಿವಾರ ಈಗ ಮಕ್ಕಳಿಗೂ ಬಾಯಿಪಾಠ. ಒಂದು ತಟ್ಟೆ ಬೇಲಿಯಾಚೆಯ ಮುಸ್ಲಿಂ ಮನೆಗೆ ಹೋಗುತ್ತದೆ. ರಂಜಾನ್ ತಿಂಗಳಲ್ಲಿ ಅವರ ಉನ್ನಕ್ಕಾಯಿ ಇತ್ತ ಬರುತ್ತದೆ. ಮಾಗಿದ ನೇಂದ್ರ ಬಾಳೆಯೊಳಗೆ ತೆಂಗಿನಕಾಯಿ, ಸಕ್ಕರೆ ತುಂಬಿ ಕರಿದದ್ದು, ಅದನ್ನು ಮಾಡುವ ಕೈ ನಮ್ಮಲ್ಲಿ ಯಾರಿಗೂ ಇಲ್ಲ.

ಕಳೆದ ತಪಸ್ಸು ಕಾಲದಲ್ಲಿ ಅಪ್ಪ ತಾವಾಗಿಯೇ ಶನಿವಾರದ ಬಜೆ ಬೇಡವೆಂದರು. ಎಣ್ಣೆ, ಮೈದಾದ ಹಣ ಲೆಕ್ಕ ಹಾಕಿ ಚರ್ಚಿನ ಡಬ್ಬಿಗೆ ಹಾಕಿಸಿದರು. ವೈದ್ಯರ ಮಾತಿಗೆ ಹದಿನೈದೇ ದಿನ ನಿಂತವರು ಈಸ್ಟರ್‌ವರೆಗೂ ನಿಂತರು. ಪೇಟೆಗೂ ಹೋಗಲಿಲ್ಲ, ಅದನ್ನು ನಾವು ಪರೀಕ್ಷಿಸಲೂ ಇಲ್ಲ.

ಆದರೂ ಹೋಟೆಲಿನ ಬಜೆಯೇ ರುಚಿ ಎನ್ನುವುದನ್ನು ಅವರು ಬಿಟ್ಟಿಲ್ಲ. ನಾಲ್ಕನ್ನೂ ತಿಂದು ಮುಗಿಸಿಯೇ ಹೇಳುತ್ತಾರೆ. ಕಾರಣ ನಮಗೆ ಮೊನ್ನೆ ಮೊನ್ನೆ ಹೊಳೆಯಿತು. ಹೋಟೆಲಿನಲ್ಲಿ ಹಿಟ್ಟು ಬೆಳಗ್ಗೆಯೇ ಕಲಸಿಟ್ಟು ಸಂಜೆಯ ಹೊತ್ತಿಗೆ ಹುಳಿ ಏರಿರುತ್ತದೆ, ನಾವು ಎರಡು ಗಂಟೆಗೆ ಕಲಸಿ ನಾಲ್ಕಕ್ಕೆ ಕರಿಯುತ್ತಿದ್ದೆವು. ಈಗ ಶನಿವಾರ ಬೆಳಗ್ಗೆ ಕಾಫಿಯಾದ ಕೂಡಲೇ ಹಿಟ್ಟು ಕಲಸಿ ಮುಚ್ಚಿಡುತ್ತಿದ್ದೇವೆ. ಹೋದ ವಾರ ಅಪ್ಪ ಏನೂ ಹೇಳದೆ ತಟ್ಟೆ ಕೆಳಗಿಟ್ಟು, ಐದನೆಯದನ್ನು ಕೇಳಿದರು. ಕೊಡಲಿಲ್ಲ.