ಕದ್ರಿಯ ವಿಹಾರ

ಬೆಂಗಳೂರಿನಲ್ಲಿರುವ ಮಗಳು ಅಕ್ಟೋಬರಿನಲ್ಲಿ ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಕೆಂಪು, ಹಳದಿ ಎಲೆಗಳ ರಾಶಿ, ನಡುವೆ ಕಾಲುದಾರಿ, ಅಡಿಯಲ್ಲಿ ‘ಮೈಂಡ್‌ಫುಲ್ ವಾಕಿಂಗ್’ ಎಂಬ ಒಕ್ಕಣೆ. ಹಿಂದೆಯೇ ಫೋನು: “ಅಪ್ಪ, ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರಲ್ಲ, ಹೀಗೆ ನಡೀಬೇಕು.”

ನಾನು ಕಿಟಕಿಯಾಚೆ ನೋಡಿದೆ. ಬಿಜೈಯ ನಮ್ಮ ಮುರಕಲ್ಲಿನ ಪಾಗಾರದ ಮೇಲೆ ಜೂನಿನಲ್ಲಿ ಹಿಡಿದ ಪಾಚಿ ಇನ್ನೂ ಹಸಿರಾಗಿಯೇ ಇತ್ತು. ಎಲೆ ಬಣ್ಣ ಬದಲಿಸಿ ಉದುರುವ ಶರತ್ಕಾಲ ಮಂಗಳೂರಿಗೆ ಬರುವುದೇ ಇಲ್ಲ. ನಮ್ಮಲ್ಲಿ ಎಲೆ ಉದುರುವುದು ಫೆಬ್ರವರಿ, ಮಾರ್ಚಿನ ಸೆಕೆಗೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಕುಡಿಯುವ ಊರು, ಅದರ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಕುಡಿದು, ತುಳುವರ ನಿರ್ನಾಲ ತಿಂಗಳು ಕಳೆದು ಬೊಂತೆಲ್ ಬರುವ ಹೊತ್ತಿಗೆ ಒಮ್ಮೆ ಮೈ ಒರೆಸಿಕೊಂಡು ಕೂರುತ್ತದೆ. ನಮ್ಮ ಶರತ್ಕಾಲವೆಂದರೆ ಅಷ್ಟೇ. ಸಂಜೆಗೊಂದು ಗುಡುಗಿನ ಮಳೆ ಬಂದರೂ ಬೆಳಗ್ಗೆ ಕೊಡೆ ಮರೆತು ಹೊರಡಬಹುದು.

ಹಾಗೆ ಹೊರಟವನು ಕದ್ರಿ ಗುಡ್ಡೆ ಹತ್ತತೊಡಗಿದೆ. ಮೊದಮೊದಲು ನನ್ನದು ನಡಿಗೆಯಲ್ಲ, ಲೆಕ್ಕ. ಜೇಬಿನ ಫೋನು ಹೆಜ್ಜೆ ಎಣಿಸುತ್ತಿತ್ತು, ನಾನು ಅದಕ್ಕೆ ಕೂಲಿ ಮಾಡುತ್ತಿದ್ದೆ. ದಾರಿ ಬದಿಯಲ್ಲಿ ಏನಿದೆ ಎಂದು ಕೇಳಿದ್ದರೆ ‘ಆರು ಸಾವಿರದ ಇನ್ನೂರು’ ಎಂದು ಹೇಳುತ್ತಿದ್ದೆನೇನೋ.

ದಾರಿ ಬದಿಯಲ್ಲಿ ತಜಂಕ್ ಸೊಪ್ಪಿನ ಗಿಡವಿತ್ತು. ಆಟಿ ತಿಂಗಳಲ್ಲಿ ಇದರ ಚಿಗುರು ಕೊಯ್ಯಲು ನಾವೇ ಪೈಪೋಟಿ ನಡೆಸಿದ್ದೆವು. ಈಗ ಅದನ್ನು ಕೇಳುವವರಿಲ್ಲ, ಸೊಂಟದೆತ್ತರ ಬೆಳೆದು, ತೆಳ್ಳಗಿನ ಉದ್ದುದ್ದ ಕೋಡು ಬಿಟ್ಟು ಒಣಗುತ್ತಿದೆ. ಬೆರಳಲ್ಲಿ ಹಿಸುಕಿದರೆ ಕಂದು ಬೀಜ ಅಂಗೈಗೆ ಸುರಿಯುತ್ತದೆ. ಮುಂದಿನ ಆಟಿಯ ಪಲ್ಯ ಅದು. ಅಷ್ಟು ನೋಡುವುದಕ್ಕೇ ನನಗೆ ಒಂದು ವಾರ ಬೇಕಾಯಿತು.

ಕದ್ರಿ ದೇವಸ್ಥಾನದ ಹಿಂದೆ ಗುಡ್ಡೆಯ ಬುಡದಿಂದ ಒರತೆಯೊಂದು ಗೋಮುಖದಲ್ಲಿ ಇಳಿದು ಕೆರೆಗಳಿಗೆ ಬೀಳುತ್ತದೆ. ಕಾಶಿಯ ಭಾಗೀರಥಿಯೇ ಇಲ್ಲಿಗೆ ಬಂದಿದ್ದಾಳೆ ಎಂಬುದು ನಂಬಿಕೆ. ಮಳೆ ಹಿಂದಿರುಗುವ ಈ ದಿನಗಳಲ್ಲಿ ನೀರು ದಪ್ಪಗಿದ್ದು ಸದ್ದು ಮಾಡುತ್ತದೆ. ಕೆರೆಯ ಒದ್ದೆ ಮೆಟ್ಟಿಲ ಮೇಲೆ ಸಿಪಿಲೆ ಹಕ್ಕಿ ಬಾಲ ಕುಣಿಸುತ್ತ ಓಡುತ್ತದೆ. ಅದೂ ಪರವೂರಿನದು, ಚಳಿ ಕಳೆಯಲು ಬಂದ ನೆಂಟ.

ದೇವಸ್ಥಾನದ ಒಳಗೆ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದ್ದೆಂದು ಪೀಠದ ಶಾಸನ ಹೇಳುತ್ತದೆ. ಪ್ರತಿಷ್ಠೆಯಾದ ಜಾಗವನ್ನು ಆ ಶಾಸನ ಕರೆಯುವುದು ‘ಕದರಿಕಾ ವಿಹಾರ’ ಎಂದು. ಅದು ಬೌದ್ಧರದೋ, ನಾಥಪಂಥದ ಶೈವರದೋ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ, ವಾದಿಸಲಿ. ನನಗೆ ಸಿಕ್ಕಿಕೊಂಡದ್ದು ‘ವಿಹಾರ’ ಎಂಬ ಆ ಪದ. ಭಿಕ್ಷುಗಳ ಮನೆಗೂ ಅದೇ ಮಾತು, ನಮ್ಮ ವಾಯುವಿಹಾರಕ್ಕೂ ಅದೇ ಮಾತು. ನಡೆಯುತ್ತ ಧ್ಯಾನಿಸುವುದಕ್ಕೆ ಬೌದ್ಧರು ಚಂಕ್ರಮಣವೆಂದು ಹೆಸರಿಟ್ಟು ಕಾಲ ಎಷ್ಟಾಯಿತೋ. ಮಗಳ ಮೊಬೈಲಿಗೆ ಅದು ಇಂಗ್ಲಿಷಿನಲ್ಲಿ ಸುತ್ತು ಹಾಕಿ ಬರಬೇಕಾಯಿತು.

ಹಾಗೆಂದು ಕದ್ರಿಯಲ್ಲಿ ನಿಶ್ಶಬ್ದವಿದೆ ಎಂದುಕೊಳ್ಳಬೇಡಿ. ನವರಾತ್ರಿಯ ದಿನಗಳು. ಹುಲಿವೇಷದ ತಾಸೆಯ ಪೆಟ್ಟು ಕೆಳಗಿನ ರಸ್ತೆಯಿಂದ ಗುಡ್ಡೆಗೆ ಏರಿ ಬರುತ್ತದೆ, ಹೆದ್ದಾರಿಯ ಲಾರಿ ಹಾರ್ನು ಅದಕ್ಕೆ ತಾಳ ತಪ್ಪಿಸುತ್ತದೆ. ಶಾಂತಿಗೆ ಸದ್ದು ಅಡ್ಡಿ ಎಂಬ ನನ್ನ ನಂಬಿಕೆ ಸಡಿಲವಾದದ್ದು ಈ ಗಲಾಟೆಯ ನಡುವೆಯೇ.

ಜೋಗಿ ಮಠದ ಕಡೆಗೆ ಹತ್ತುವಾಗ ಒಂದು ಬೆಳಗ್ಗೆ ಪೊದೆಯ ಬುಡದಲ್ಲಿ ತರಗೆಲೆ ಸರಸರ ಎಂದಿತು. ಹಾವೆಂದು ನಿಂತೆ. ಗಿಡ್ಡ ಬಾಲದ ಹಕ್ಕಿಯೊಂದು ಹಲಸಿನೆಲೆಯನ್ನು ಕೊಕ್ಕಿನಿಂದ ಮಗುಚಿ ಹಾಕಿ ಹುಳ ಹುಡುಕುತ್ತಿತ್ತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ನೀಲಿಯ ಮಿಂಚು, ಬಾಲದಡಿ ಕುಂಕುಮ ಚೆಲ್ಲಿದ ಹಾಗೆ. ನವರಂಗ! ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ಮಳೆ ಮುಗಿದ ಮೇಲೆ ರಾತ್ರಿ ಹೊತ್ತು ಹಾರಿ ದಕ್ಷಿಣಕ್ಕೆ ಇಳಿಯುವ ಹಕ್ಕಿ. ಉದುರಿದ ಎಲೆಯೂ, ಬಣ್ಣವೂ ನಮ್ಮಲ್ಲಿ ಹೀಗೆ ಸಿಗುತ್ತವೆ, ಒಂದು ಗೇಣಿನಷ್ಟು.

ಎಷ್ಟು ಹೊತ್ತು ನಿಂತೆನೋ. ಟ್ರ್ಯಾಕ್ ಪ್ಯಾಂಟಿನ ಒಬ್ಬರು ಹಿಂದಿನಿಂದ ಬಂದು, “ಎಂತ ಮಾರಾಯ್ರೆ, ಏನಾದ್ರೂ ಬಿದ್ದುಹೋಯ್ತಾ?” ಎಂದರು.

“ಇಲ್ಲ, ಹಕ್ಕಿ.”

ಅವರು ಕೈಗಡಿಯಾರ ನೋಡಿಕೊಂಡರು, ಹೆಜ್ಜೆಯ ಲೆಕ್ಕವೇ ಇರಬೇಕು. ಮತ್ತೆ ಪೊದೆ ನೋಡಿದರು. “ಎಲ್ಲಿ?” ಎಂದು ಮೆತ್ತಗೆ ಬಗ್ಗಿದರು. ಹಕ್ಕಿ ಎರಡು ಕುಪ್ಪಳಿಸಿ ಮರೆಯಾಯಿತು. “ಛೆ” ಎಂದು ಅವರು ಇಳಿದು ಹೋದರು.

ಮರುದಿನ ನಾನು ಹತ್ತುವಾಗ ಅವರು ಆಗಲೇ ಆ ಪೊದೆಯ ಎದುರು ನಿಂತಿದ್ದರು. ನನ್ನನ್ನು ಕಂಡವರೇ ತುಟಿಗೆ ಬೆರಳಿಟ್ಟು, ಹತ್ತಿರ ಬಂದ ಮೇಲೆ ಪಿಸುಗುಟ್ಟಿದರು: “ಇನ್ನೂ ಬರ್ಲಿಲ್ಲ.”