ಸಿಡಿಲಿಗೂ ಹುಡುಗನಿಗೂ ಹೊರಿಸಿದ ಅಪವಾದ

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ಹಿರಿಯರ ಮಾತನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇವೆ. ಅದನ್ನು ನಾವೇ ಮರೆತ ಪ್ರಸಂಗವೊಂದನ್ನು ಓದುಗ ಬಂಧುಗಳಲ್ಲಿ ಸಂಕೋಚದಿಂದಲೇ ನಿವೇದಿಸುತ್ತಿದ್ದೇವೆ.

ಅರಕಲಗೂಡಿನ ನಮ್ಮ ತಂಗಿಯ ಮಗ ಹೊಳೆನರಸೀಪುರದ ನಮ್ಮ ಮನೆಯಲ್ಲಿದ್ದುಕೊಂಡು ಪದವಿ ವ್ಯಾಸಂಗ ಮಾಡುತ್ತಿದ್ದಾನೆ. ಅವನು ಬಳಸುವ ಹಳೆಯ ಗಣಕಯಂತ್ರವು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯಿಂದ ನಡೆಯುತ್ತದೆ. 2024ರ ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಸುರಿದು ವಿದ್ಯುತ್ತು ಹೋಯಿತು. ಅದು ಮರಳಿದಾಗ ಯಂತ್ರವೇನೋ ಚಾಲೂ ಆಯಿತು; ಅಂತರಜಾಲ ಮಾತ್ರ ಬರಲಿಲ್ಲ. ಮಿಂಚುವಾಗ ತಂತಿಯನ್ನು ಕಿತ್ತಿಡಬೇಕೆಂದು ಹೇಳಿದ್ದೆವು, ಹುಡುಗ ಮರೆತಿದ್ದ. ನಾವು ಹಿಂದುಮುಂದು ನೋಡದೆ ಗದರಿದೆವು. ಹಾಸನದಲ್ಲಿ ದುರಸ್ತಿ ಮಾಡುವವರೊಬ್ಬರು ಯಂತ್ರವನ್ನು ನೋಡದೆಯೇ, "ಸಿಡಿಲಿಗೆ ನೆಟ್‌ವರ್ಕ್ ಕಾರ್ಡು ಸುಟ್ಟಿದೆ, ಮದರ್‌ಬೋರ್ಡನ್ನೇ ಬದಲಿಸಬೇಕು" ಎಂದು ಫೋನಿನಲ್ಲಿ ತೀರ್ಪಿತ್ತರು. ಹುಡುಗ ಎದುರು ಮಾತಾಡಲಿಲ್ಲ. ಎರಡು ದಿನ ತಲೆ ತಗ್ಗಿಸಿ ಉಂಡು ಎದ್ದುಹೋದ.

ಮೂರನೆಯ ದಿನ ಚನ್ನರಾಯಪಟ್ಟಣದಿಂದ ನಮ್ಮ ಅಣ್ಣನ ಮಗಳು ಬಂದಳು. ಗಣಕ ವಿದ್ಯೆಯನ್ನು ಕಲಿತವಳು. "ಚಿಕ್ಕಪ್ಪ, ಮೊದಲು ಯಂತ್ರವನ್ನೇ ಕೇಳೋಣ" ಎಂದು ಅದರ ಮುಂದೆ ಕುಳಿತಳು. ಒಳಗಿರುವ ಭಾಗಗಳನ್ನೆಲ್ಲ ತೋರಿಸುವ ಆಜ್ಞೆಯೊಂದನ್ನು ಕೊಡಲು, ಸುಟ್ಟಿತೆಂದು ನಂಬಿದ್ದ ಕಾರ್ಡಿನ ಹೆಸರು ಪರದೆಯ ಮೇಲೆ ಮೂಡಿತು. ಆದರೆ ಅದರ ಕೆಳಗೆ ಚಾಲಕದ ಹೆಸರಿರಲಿಲ್ಲ. ಚಾಲಕ ತಂತ್ರಾಂಶವೆಂದರೆ ಕಾರ್ಡಿಗೂ ಕಾರ್ಯವ್ಯವಸ್ಥೆಗೂ ನಡುವಿನ ದುಭಾಷಿ. ದುಭಾಷಿಯಿಲ್ಲದಿದ್ದರೆ ಎರಡೂ ಸುಸ್ಥಿತಿಯಲ್ಲಿದ್ದರೂ ಮಾತು ನಡೆಯದು.

ಬಳಿಕ ಅವಳು ಯಂತ್ರವನ್ನು ಆರಿಸಿ, ಹೊತ್ತಿಸುವಾಗ ಬರುವ ಪಟ್ಟಿಯಿಂದ ಹಳೆಯ ಕರ್ನೆಲ್ ಅನ್ನು, ಎಂದರೆ ಕಾರ್ಯವ್ಯವಸ್ಥೆಯ ಹಿಂದಿನ ತಿರುಳನ್ನು, ಆರಿಸಿಕೊಂಡಳು. ಅಂತರಜಾಲ ಬಂದೇಬಿಟ್ಟಿತು! ಸಿಡಿಲು ನಿರಪರಾಧಿಯೆಂದು ಸಿದ್ಧವಾಯಿತು.

ನಡೆದದ್ದಿಷ್ಟು. ಹಿಂದೆ ಯಂತ್ರವನ್ನು ಸಿದ್ಧಪಡಿಸಿದವರು ಹೊರಗಿನಿಂದ ಬೇರೊಂದು ಚಾಲಕವನ್ನು ತಂದು ಹಾಕಿ, ಕರ್ನೆಲ್ಲಿನೊಡನೆಯೇ ಬರುವ ಆರ್ 8169 ಎಂಬ ಚಾಲಕವು ತಾನಾಗಿ ಏಳದಂತೆ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಹೊರಗಿನ ಚಾಲಕವನ್ನು ಪ್ರತಿ ಹೊಸ ಕರ್ನೆಲ್ಲಿಗೂ ಮತ್ತೆ ಕಟ್ಟಬೇಕು. ಅದಕ್ಕೆ ಬೇಕಾದ ಹೆಡರ್ ಕಡತಗಳು ಇರಲಿಲ್ಲ. ಹೊಸ ಕರ್ನೆಲ್ ಕೆಲವು ದಿನಗಳ ಹಿಂದೆಯೇ ಬಂದು ಕುಳಿತಿತ್ತು. ಯಂತ್ರ ಆರಿ ಹೊತ್ತಿದಾಗಲೇ ಅದು ಜಾರಿಗೆ ಬರುವುದು. ಆ ಸಂದರ್ಭವನ್ನು ಒದಗಿಸಿದ್ದಷ್ಟೇ ಸಿಡಿಲಿನ ಪಾತ್ರ. ಹುಡುಗಿ ಹೊರಗಿನ ಚಾಲಕವನ್ನೂ ನಿಷೇಧವನ್ನೂ ತೆಗೆದು, ಯಂತ್ರವನ್ನು ಮತ್ತೆ ಹೊತ್ತಿಸಿದಳು. ಹೊಸ ಕರ್ನೆಲ್ಲಿನಲ್ಲಿಯೇ ಎಲ್ಲವೂ ಸರಿಹೋಯಿತು. ಒಂದು ರೂಪಾಯಿಯೂ ವ್ಯಯವಾಗಲಿಲ್ಲ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಬೆಕರ್ ಅವರು ಅನೇಕ ಈಥರ್‌ನೆಟ್ ಕಾರ್ಡುಗಳಿಗೆ ಚಾಲಕಗಳನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಇಂಥವರ ಪರಿಶ್ರಮದ ಫಲವಾಗಿಯೇ ಚಾಲಕಗಳು ಕರ್ನೆಲ್ಲಿನೊಳಗೇ ಸಿದ್ಧವಾಗಿರುತ್ತವೆ. ನಮಗೆ ಬೇಕಾದದ್ದು ಮನೆಯಲ್ಲಿಯೇ ಇತ್ತು. ನಾವು ಹಾಸನದಲ್ಲಿ ಹುಡುಕುತ್ತಿದ್ದೆವು.

ಆ ರಾತ್ರಿ ಊಟಕ್ಕೆ ಕುಳಿತಾಗ ನಾವು ಹುಡುಗನಿಗೆ, "ತಪ್ಪು ನಿನ್ನದಲ್ಲಪ್ಪ, ವಿಚಾರಿಸದೆ ಬೈದದ್ದು ನಮ್ಮದು" ಎಂದೆವು. ಅವನು, "ತಂತಿ ಕೀಳದೆ ಇದ್ದದ್ದಂತೂ ನನ್ನ ತಪ್ಪೇ ಮಾವ" ಎಂದು ನಕ್ಕ. ಯಂತ್ರವನ್ನು ಸರಿಪಡಿಸಲು ಒಂದು ಗಂಟೆ ಸಾಕಾಯಿತು. ಆ ಹುಡುಗನ ಮುಖದಲ್ಲಿ ನಗು ಮರಳಲು ಮೂರು ದಿನ ಬೇಕಾಯಿತು. ಮನೆಯಲ್ಲಿ ಏನಾದರೂ ಕೆಟ್ಟಾಗ ಕಿರಿಯರ ಮೇಲೆ ದನಿ ಎತ್ತುವ ಮುನ್ನ ಇದನ್ನು ನೆನೆಯಬೇಕೆಂದು ನಿಶ್ಚಯಿಸಿದ್ದೇವೆ.