ಗವಸಿನ ಮೇಲಣ ಹನಿ

ಒಲೆಯ ಮೇಲಣ ಪಾತ್ರೆಯನ್ನು ಬಟ್ಟೆ ಹಿಡಿದು ಇಳಿಸುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತುಂಟು: ಬಟ್ಟೆ ಒದ್ದೆಯಾಗಿದ್ದರೆ ಅದು ಕೈಯನ್ನು ಕಾಯುವುದಿಲ್ಲ. ಆದರೆ ಬಿಸಿ ತಾಕಿದೊಡನೆ ಕೈ ತಾನಾಗಿಯೇ ಹಿಂದಕ್ಕೆ ಬರುವುದು. ತಪ್ಪು ಆ ಕ್ಷಣದಲ್ಲಿಯೇ ತಿಳಿಯುವುದು. ಪ್ರಯೋಗಶಾಲೆಯ ಕೆಲವು ದ್ರವ್ಯಗಳಿಗೆ ಅಷ್ಟು ದಾಕ್ಷಿಣ್ಯವೂ ಇಲ್ಲ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೇರನ್ ವೆಟರ್‌ಹಾನ್ ಎಂಬ ವಿದುಷಿಯು, ವಿಷಲೋಹಗಳು ಜೀವಕೋಶಗಳಿಗೆ ಮಾಡತಕ್ಕ ಹಾನಿಯನ್ನೇ ತಮ್ಮ ಅಭ್ಯಾಸದ ವಿಷಯವಾಗಿ ಆರಿಸಿಕೊಂಡವರು. ವಿಷದ ಗುಣವನ್ನರಿಯದೆ ಕೆಟ್ಟರೆಂದು ಅವರನ್ನು ಕುರಿತು ಯಾರೂ ಹೇಳುವಂತಿಲ್ಲ. 1996ನೆಯ ಇಸವಿ ಆಗಸ್ಟ್ 14ರಂದು ಅವರು, ವಿಷದ ಆವಿಯನ್ನು ಹೊರಕ್ಕೆ ಸೆಳೆಯುವ ಗೂಡಿನಲ್ಲಿ, ಕೈಗೆ ರಬ್ಬರಿನ ತೆಳುಗವಸು ತೊಟ್ಟು, ಡೈಮಿಥೈಲ್ ಪಾದರಸವೆಂಬ ದ್ರವವನ್ನು ಸಣ್ಣ ನಳಿಗೆಗೆ ತುಂಬುತ್ತಿದ್ದರು. ಅಯಸ್ಕಾಂತದ ಬಲದಿಂದ ಪದಾರ್ಥಗಳ ರಚನೆಯನ್ನು ಪರೀಕ್ಷಿಸುವ ಯಂತ್ರಕ್ಕೆ ಅದು ಅಳತೆಯ ಮಾದರಿಯಾಗಿ ಬೇಕಾಗಿದ್ದಿತು. ಒಂದೋ ಎರಡೋ ಹನಿ ಗವಸಿನ ಮೇಲೆ ಬಿದ್ದಿತು. ಸ್ಥಳವನ್ನು ಶುಚಿಮಾಡಿ ಗವಸನ್ನು ಕಳಚಿದರು. ಉರಿಯಿಲ್ಲ, ನೋವಿಲ್ಲ.

ಥರ್ಮಾಮೀಟರು ಒಡೆದಾಗ ನೆಲದ ಮೇಲೆ ಓಡಾಡುವ ಬೆಳ್ಳಿಯ ಗುಂಡುಗಳನ್ನು ಕಂಡವರು ಪಾದರಸವನ್ನು ಬಲ್ಲೆವೆಂದುಕೊಳ್ಳುವರು. ಈ ದ್ರವವಾದರೋ ಬೇರೆಯೇ ಜಾತಿಯದು. ನೀರಿನಂತೆ ಬಣ್ಣವಿಲ್ಲದ್ದು, ತೂಕದಲ್ಲಿ ನೀರಿನ ಸುಮಾರು ಮೂರರಷ್ಟು. ಚರ್ಮವನ್ನು ಸುಲಭವಾಗಿ ದಾಟಿ, ಕ್ರಮೇಣ ಮಿದುಳನ್ನು ಸೇರುವುದು. 1865ರ ಸುಮಾರಿನಲ್ಲಿಯೇ ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ಇದರ ಕೆಲಸದಲ್ಲಿದ್ದ ಇಬ್ಬರು ಸಹಾಯಕರು ಪ್ರಾಣವನ್ನು ತೆತ್ತಿದ್ದರು.

ಐದು ತಿಂಗಳಾದ ಮೇಲೆ, 1997ರ ಜನವರಿಯಲ್ಲಿ, ವೆಟರ್‌ಹಾನರ ನಡಿಗೆ ತೂಗಾಡಿತು, ಮಾತು ತೊದಲಿತು, ದೃಷ್ಟಿಯ ಹರವು ಕಿರಿದಾಯಿತು. ರಕ್ತದಲ್ಲಿ ಲೀಟರಿಗೆ 4000 ಮೈಕ್ರೋಗ್ರಾಂ ಪಾದರಸವಿದ್ದಿತು. 200ನ್ನು ಮೀರಿದರೇ ವೈದ್ಯರು ವಿಷವೆನ್ನುವರು. ತಲೆಗೂದಲು ದಿನಚರಿಯಿದ್ದಂತೆ, ಬೆಳೆಬೆಳೆದಂತೆ ಮೈಯ ಸಮಾಚಾರವನ್ನು ಬರೆದಿಡುತ್ತದೆ. ಅದನ್ನು ತುಂಡು ತುಂಡಾಗಿ ಶೋಧಿಸಿದಾಗ ವಿಷ ಒಮ್ಮೆಗೇ ಹೊಕ್ಕುದೆಂದೂ, ಅದು ಆಗಸ್ಟಿನ ಆ ಪ್ರಯೋಗದ ಕಾಲಕ್ಕೆ ಹೊಂದುವುದೆಂದೂ ತಿಳಿದುಬಂದಿತು. ಔಷಧವು ಪಾದರಸವನ್ನು ಒಂದಿಷ್ಟು ಹೊರಕ್ಕೆ ತೆಗೆಯಿತು. ಕೆಟ್ಟ ಮಿದುಳನ್ನು ಸರಿಪಡಿಸಲಿಲ್ಲ.

ಆಮೇಲೆ ಗವಸಿನ ಪರೀಕ್ಷೆ ನಡೆಯಿತು. ಈ ದ್ರವವು ಆ ತೆಳು ರಬ್ಬರನ್ನು ಹಾಯಲು 15 ಸೆಕೆಂಡೂ ಬೇಕಾಗಲಿಲ್ಲ. ಗವಸನ್ನು ನಂಬಿದುದು ಅವರ ತಪ್ಪೆ? ಹಾಗೆನ್ನುವುದು ನ್ಯಾಯವಲ್ಲ. ಎಚ್ಚರಿಕೆಯೆಂದು ಎಲ್ಲರೂ ಒಪ್ಪಿದ್ದುದನ್ನೇ ಅವರು ಮಾಡಿದ್ದರು. ಕೊರತೆಯಿದ್ದುದು ಎಚ್ಚರಿಕೆಯ ಲೆಕ್ಕದಲ್ಲಿ.

ಸಹೋದ್ಯೋಗಿಗಳು ರಸಾಯನಜ್ಞರ ಪತ್ರಿಕೆಗೆ ಬರೆದರು: ಈ ದ್ರವವನ್ನು ಮುಟ್ಟಲೇಬೇಕಾದಲ್ಲಿ ಒಳಗೆ ಪದರಪದರದ ಪ್ಲಾಸ್ಟಿಕ್ಕಿನ ಗವಸು, ಅದರ ಮೇಲೆ ಉದ್ದನೆಯ ದಪ್ಪಗವಸು ಇರತಕ್ಕದ್ದೆಂದು. ಆ ಪತ್ರವು 1997ರ ಮೇ ತಿಂಗಳಲ್ಲಿ ಅಚ್ಚಾದಾಗ ವೆಟರ್‌ಹಾನರು ಪ್ರಜ್ಞೆಯಿಲ್ಲದೆ ಮಲಗಿದ್ದರು. ಜೂನ್ 8ರಂದು ತೀರಿಕೊಂಡರು. ಆಗ ಅವರಿಗೆ 48 ವರ್ಷ.